ಬಂಡೆ ಫೋಟೋದಲ್ಲಿ, ವಾರಂಟಿ ಡಾಂಬರಿನಲ್ಲಿ

(ಹೊಸೂರಿನ ಒಂದು ಸರ್ವಿಸ್ ಸೆಂಟರ್. ಕೆಲಮಂಗಲ ಕಡೆಯ ಗೌಡರು, ಟೈ ಕಟ್ಟಿದ ಅಡ್ವೈಸರ್.)

ಗೌಡರು: ಸ್ಟೇರಿಂಗ್ ತಿರುಗಿಸಿದ್ರೆ ಗಾಡಿ ಯೋಚನೆ ಮಾಡಿ ತಿರುಗ್ತದಪ್ಪ.

ಅಡ್ವೈಸರ್: ಟೈ ರಾಡ್ ಎಂಡ್ ಹೋಗಿದೆ ಸರ್. ರಬ್ಬರ್ ಬೂಟ್ ಹರಿದು ಗ್ರೀಸ್ ಆಚೆ, ಮಣ್ಣು ಒಳಗೆ.

ಗೌಡರು: ವಾರಂಟೀಲಿ ಹಾಕ್ಕೊಡಿ.

ಅಡ್ವೈಸರ್: ಮಣ್ಣು ಅಂದ್ರೆ ಆಫ್‌ರೋಡ್. ಆಫ್‌ರೋಡ್‌ಗೆ ವಾರಂಟಿ ಇಲ್ಲ.

ಗೌಡರು: ಗೋಡೆ ಮೇಲಿನ ಫೋಟೋದಲ್ಲಿ ಇದೇ ಗಾಡಿ ಬಂಡೆ ಹತ್ತುತಾ ಇದೆಯಲ್ಲ?

ಅಡ್ವೈಸರ್: ಆ ಗಾಡಿ ಇದುವರೆಗೂ ಕ್ಲೈಮಿಗೆ ಬಂದಿಲ್ಲ ಸರ್.

ಗೌಡರು: ನಾನು ಬಂಡೆ ಹತ್ತಿಲ್ಲ. ರಾಯಕೋಟೆ ಮಂಡಿಗೆ ಟೊಮೆಟೊ ಹೊತ್ಕೊಂಡು ಹೋದೆ. ಊರಿಗಿರೋದು ಒಂದೇ ದಾರಿ. ಸರ್ಕಾರ ಅದನ್ನ ರಸ್ತೆ ಅಂತಾನೇ ಬರ್ಕೊಂಡಿದೆ.

ಅಡ್ವೈಸರ್: ಟೊಮೆಟೊ ಅಂದ್ರೆ ವ್ಯಾಪಾರ! ನೀವು ಗ್ರಾಹಕರೇ ಅಲ್ಲ.

ಗೌಡರು: ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಕೊಂಡವನೂ ಗ್ರಾಹಕನೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳ್ತದೆ. ದೂರು ಕೊಡೋಕೆ 2 ವರ್ಷ ಟೈಮಿದೆ, ಕೃಷ್ಣಗಿರೀಲಿ ಗ್ರಾಹಕ ಆಯೋಗ ಇದೆ. ‘ವಾರಂಟಿ ಇಲ್ಲ’ ಅಂತ ಬರೆದು ಸೀಲ್ ಹಾಕಿ. ಹಳೇ ಪಾರ್ಟೂ ಕೊಡಿ.

(ಬರೆದು ಕೊಡಿ ಎಂದರೆ ಎಂಥ ಸರ್ವಿಸ್ ಸೆಂಟರಿನಲ್ಲೂ ಪೆನ್ನು ಸಿಗುವುದಿಲ್ಲ.)

ಅಡ್ವೈಸರ್: ಕೂತ್ಕೊಳಿ ಸರ್, ಕಾಫಿ ಹೇಳ್ತೀನಿ. ವಾರಂಟಿ ಇಲ್ದಿದ್ರೂ ಹಾಕ್ಕೊಡೋಕೆ ಮ್ಯಾನೇಜರ್ ಹತ್ರ ‘ಗುಡ್‌ವಿಲ್’ ಅಂತ ಒಂದು ಕಾಲಂ ಇದೆ.

ಗೌಡರು: ಅದಕ್ಕೆ ಮಣ್ಣು ತಾಗಬಹುದೋ?