ಮೇಲೆ ಮಹಾಯುದ್ಧ, ಕೆಳಗೆ ಸೈಟು ಮಾರಾಟಕ್ಕಿದೆ

ಈ ವಾರವೂ ಮೂರನೇ ಮಹಾಯುದ್ಧ ಆಗಲಿಲ್ಲ. ನಮ್ಮ ದಾಬಸ್‌ಪೇಟೆಯ ಜನ ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಹೋದರು.

ರಾತ್ರಿ ಒಂಬತ್ತಕ್ಕೆ ಆಗಿಯೇ ತೀರುತ್ತದೆ ಎಂದು ಟಿವಿಯವರು ಹೇಳಿದ್ದರು. ಪರದೆಯ ಮೂಲೆಯಲ್ಲಿ ಕೌಂಟ್‌ಡೌನ್ ಓಡುತ್ತಿತ್ತು. ಸೊನ್ನೆಗೂ ಬಂತು. ಆ್ಯಂಕರ್ ಜೋರಾಗಿ ಉಸಿರೆಳೆದುಕೊಂಡು ಹೇಳಿದ: ‘ಈಗೊಂದು ಸಣ್ಣ ಬ್ರೇಕ್.’

ಬ್ರೇಕ್ ಮುಗಿದ ಮೇಲೆ ಯಾವುದೋ ನಟನ ಸಂಸಾರದ ಜಗಳ ಬಂತು. ಪ್ರಪಂಚ ಉಳಿಯಿತೋ ಹೋಯಿತೋ, ಯಾರೂ ಹೇಳಲಿಲ್ಲ. ಕೇಳುವವರೂ ಇರಲಿಲ್ಲ.

ನಮ್ಮೂರಿನ ತುಮಕೂರು ಹೆದ್ದಾರಿ ಪಕ್ಕದ ಯಾವ ಹೋಟೆಲಿಗೆ ಬೇಕಾದರೂ ಹೋಗಿ. ತಟ್ಟೆ ಇಡ್ಲಿ ಹೇಳಿ ತಲೆ ಎತ್ತಿದರೆ ಗೋಡೆಯ ಮೇಲೆ ಟಿವಿ. ಆ ಪರದೆಯನ್ನು ಒಮ್ಮೆ ಸಾವಧಾನವಾಗಿ ನೋಡಿ. ಎಡಕ್ಕೆ ಆರು ಕಿಟಕಿ, ಆರು ತಲೆ, ಆರೂ ಬಾಯಿ ತೆರೆದಿವೆ. ಬಲಕ್ಕೆ ಕಂಪ್ಯೂಟರಿನಲ್ಲಿ ಬಿಡಿಸಿದ ಕ್ಷಿಪಣಿ. ಅದು ಹಾರುತ್ತದೆ, ಬೀಳುತ್ತದೆ, ಎದ್ದು ಮತ್ತೆ ಹಾರುತ್ತದೆ. ಮೇಲೆ ಕೆಂಪು ಪಟ್ಟಿ: ‘ಪ್ರಪಂಚ ಭಸ್ಮ?’ ಆ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದು ಚಾನೆಲ್ಲಿನ ನಿರೀಕ್ಷಣಾ ಜಾಮೀನು.

ಕೆಳಗೆ ಹಸಿರು ಪಟ್ಟಿ: ‘ದಾಬಸ್‌ಪೇಟೆ ಹತ್ತಿರ ಸೈಟುಗಳು. ಬ್ಯಾಂಕ್ ಸಾಲ ಲಭ್ಯ.’

ಭೂಮಿಯೇ ಇರುವುದಿಲ್ಲ ಎನ್ನುವ ಪರದೆಯಲ್ಲೇ ಭೂಮಿ ಮಾರಾಟ. ಇಪ್ಪತ್ತು ವರ್ಷದ ಕಂತು ಬೇರೆ.

‘ಚಾನೆಲ್ ಬದಲಾಯ್ಸಿ ಅಣ್ಣಾ’ ಎಂದರೆ ಗಲ್ಲಾದಲ್ಲಿ ಕೂತವರು ರಿಮೋಟ್ ಮುಟ್ಟುವುದಿಲ್ಲ. ‘ಬದಲಾಯ್ಸಿದ್ರೂ ಅದೇ ಯುದ್ಧ ಸ್ವಾಮಿ. ಮ್ಯೂಸಿಕ್ ಬೇರೆ ಅಷ್ಟೆ.’

ನಮ್ಮ ಊರು ಟಿವಿಗೆ ಗೊತ್ತಿರುವುದು ಥರ್ಟಿ-ಫಾರ್ಟಿ ಅಳತೆಯಲ್ಲಿ ಮಾತ್ರ. ಸೈಟಾಗದೆ ಟಿವಿಗೆ ಬರಬೇಕೆಂದರೆ ಇನ್ನೊಂದೇ ದಾರಿ. ಸಾಯಬೇಕು.

2024ರ ಡಿಸೆಂಬರ್ 21ರಂದು ನೆಲಮಂಗಲ ತಾಲ್ಲೂಕಿನ ತಾಳೇಕೆರೆ ಬಳಿ, ಇದೇ ತುಮಕೂರು ಹೆದ್ದಾರಿಯಲ್ಲಿ, ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿತು. ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಅಂದು ಕ್ಯಾಮೆರಾಗಳು ಬಂದವು. ದೃಶ್ಯಕ್ಕೆ ವೃತ್ತ ಹಾಕಿದರು, ಬಾಣ ಹಾಕಿದರು, ನಿಧಾನ ಮಾಡಿ ತೋರಿಸಿದರು, ಇನ್ನೂ ನಿಧಾನ ಮಾಡಿ ತೋರಿಸಿದರು. ಕಾರು ಯಾವ ದೇಶದ ಕಂಪನಿಯದು, ಬೆಲೆ ಎಷ್ಟು, ಸುರಕ್ಷತೆಗೆ ಎಷ್ಟು ನಕ್ಷತ್ರ ಎಂದು ಚರ್ಚೆಯಾಯಿತು. ಮಾತು ಸ್ವೀಡನ್‌ವರೆಗೆ ಹೋಯಿತು. ನಾವು ದಿನಾ ಓಡಾಡುವ ರಸ್ತೆಯವರೆಗೆ ಬರಲಿಲ್ಲ.

ಈ ದೂರದೃಷ್ಟಿ ಟಿವಿಯವರಿಗೆ ಹುಟ್ಟುಗುಣ. 2022ರ ಅಕ್ಟೋಬರ್‌ನಲ್ಲಿ ಕ್ರಿಮಿಯಾದ ಕೆರ್ಚ್ ಸೇತುವೆ ಸ್ಫೋಟವಾಯಿತು. ಯಾವ ಕಂಬ ಅಲುಗಿತು, ಎಷ್ಟು ಬಾಂಬು, ಪುಟಿನ್ ಮುಖ ಎಷ್ಟು ಕೆಂಪಾಯಿತು, ಎಲ್ಲಕ್ಕೂ ತ್ರೀಡಿ ಚಿತ್ರ. ಅದೇ ಹೊತ್ತಿನಲ್ಲಿ ನಮ್ಮ ಪೀಣ್ಯ ಮೇಲ್ಸೇತುವೆಯ ಮೇಲೆ ಲಾರಿ, ಬಸ್ಸು ಹತ್ತುವಂತಿರಲಿಲ್ಲ. 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ ಕೆಟ್ಟು 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಸೇತುವೆ ಭಾರಿ ವಾಹನಗಳಿಗೆ ತೆರೆದದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ದಾಬಸ್‌ಪೇಟೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ತೆವಳಿತು. ಅದಕ್ಕೆ ತ್ರೀಡಿ ಇರಲಿಲ್ಲ. ಪೀಣ್ಯಕ್ಕೆ ಯಾರೂ ಬಾಂಬ್ ಹಾಕಿರಲಿಲ್ಲವಲ್ಲ.

ಇರಾನ್ ಯುರೇನಿಯಂ ಅನ್ನು ಶೇ 60ರವರೆಗೆ ಸಂವರ್ಧಿಸಿದೆ. ಇದು ನಮ್ಮ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು. ಬೆಂಗಳೂರಿನ ವೃಷಭಾವತಿಯ ಕೊಳಚೆಯನ್ನು ಶುದ್ಧ ಮಾಡಿ ನೆಲಮಂಗಲ ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ ಯೋಜನೆ ಇದೆ. ಆ ನೀರಿಗೆ ಎರಡು ಹಂತದ ಶುದ್ಧೀಕರಣ ಸಾಕೋ, ಮೂರು ಬೇಕೋ? ಇದು ಯಾರಿಗೂ ಗೊತ್ತಿಲ್ಲ. ನಮ್ಮ ಬೋರ್‌ವೆಲ್ಲಿಗೆ ಇಳಿಯುವುದು ಇರಾನಿನ ಯುರೇನಿಯಂ ಅಲ್ಲ ಎಂದು ಹೇಳಲೂ ಸ್ಟುಡಿಯೋದಲ್ಲಿ ಒಬ್ಬ ನಿವೃತ್ತ ಕರ್ನಲ್ ಬೇಕೇನೋ.

ಸರಿ, ಊರು ಬೇಡ. ಪ್ರಪಂಚವನ್ನಾದರೂ ತೋರಿಸುತ್ತಾರೆಯೇ? ಅದೂ ಇಲ್ಲ.

ಇವರ ಭೂಪಟದಲ್ಲಿ ನಾಲ್ಕೇ ದೇಶ. ಅಮೆರಿಕ, ರಷ್ಯಾ, ಪಾಕಿಸ್ತಾನ, ಉತ್ತರ ಕೊರಿಯಾ. ಇಸ್ರೇಲ್, ಇರಾನ್ ಹಬ್ಬಕ್ಕೆ ಬರುವ ನೆಂಟರು. ಆಫ್ರಿಕಾ ಎಂಬ ಖಂಡ ಇನ್ನೂ ಪತ್ತೆಯಾಗಿಲ್ಲ.

ತಪ್ಪು, ಒಮ್ಮೆ ಪತ್ತೆಯಾಗಿತ್ತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಇಲ್ಲಿ ವಿಧಾನಸಭೆ ಚುನಾವಣೆ. ಸಿದ್ದರಾಮಯ್ಯನವರೂ ವಿದೇಶಾಂಗ ಸಚಿವ ಜೈಶಂಕರ್ ಅವರೂ ಟ್ವಿಟರ್‌ನಲ್ಲಿ ಜಗಳವಾಡಿದರು. ಆಗ ಸುಡಾನ್ ಪರದೆಗೆ ಬಂತು. ‘ಆಪರೇಷನ್ ಕಾವೇರಿ’ಯಲ್ಲಿ ನಮ್ಮವರು ಊರು ಸೇರಿದರು. ಸುಡಾನ್ ಮಾಯವಾಯಿತು. ಅಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಅವರಿಗೆ ಇಲ್ಲಿ ಓಟಿಲ್ಲ.

ಅದಕ್ಕೂ ಮೊದಲು, 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಹಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ಸತ್ತ. ಮಗನನ್ನು ಕಳೆದುಕೊಂಡ ತಂದೆಯ ಬಾಯಿಗೆ ಮೈಕುಗಳ ಗೊಂಚಲು. ಅವರು ಅಳುತ್ತಲೇ ಒಂದು ಮಾತು ಕೇಳಿದರು: ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಇಲ್ಲಿ ಸೀಟು ಯಾಕೆ ಸಿಗಲಿಲ್ಲ? ಒಳ್ಳೆಯ ಪ್ರಶ್ನೆ. ಉತ್ತರ ಕೇಳಬೇಕಾದದ್ದು ಖಾಸಗಿ ಮೆಡಿಕಲ್ ಕಾಲೇಜುಗಳ ಬಾಗಿಲಲ್ಲಿ. ಅವರು ಜಾಹೀರಾತುದಾರರು. ಪುಟಿನ್ ಜಾಹೀರಾತು ಕೊಡುವುದಿಲ್ಲ. ಚರ್ಚೆ ಪುಟಿನ್ ಕಡೆ ತಿರುಗಿತು.

ಹಿಂದೆ ಹೀಗಿರಲಿಲ್ಲ. 1988ರಲ್ಲಿ ದೂರದರ್ಶನದಲ್ಲಿ ಪ್ರಣಯ್ ರಾಯ್ ಅವರ ‘ದಿ ವರ್ಲ್ಡ್ ದಿಸ್ ವೀಕ್’ ಶುರುವಾಯಿತು. ವಾರಕ್ಕೊಂದೇ ದಿನ, ಶುಕ್ರವಾರ ರಾತ್ರಿ. ಮರುವರ್ಷ ಬರ್ಲಿನ್ ಗೋಡೆ ಬಿದ್ದಾಗ ದೇಶ ಅದನ್ನು ಅಲ್ಲಿ ನೋಡಿತು. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಪ್ರಪಂಚ ಅರ್ಥವಾಗುತ್ತಿತ್ತು. ಈಗ ಭಾಷೆ ನಮ್ಮದೇ, ಪೂರ್ತಿ ಅರ್ಥವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ಪ್ರಪಂಚ ಮಾತ್ರ ಅರ್ಥವಾಗುವುದಿಲ್ಲ.

ಕಿಮ್ ಜಾಂಗ್ ಉನ್ ಮಾತ್ರ ನಮಗೆ ಮನೆಮಗ. 2020ರ ಏಪ್ರಿಲ್‌ನಲ್ಲಿ ಆತ ಕೆಲವು ದಿನ ಕಾಣಿಸಲಿಲ್ಲ. ಸತ್ತನೇ? ಕೋಮಾದಲ್ಲಿದ್ದಾನೆಯೇ? ತಂಗಿಗೆ ಪಟ್ಟವೇ? ದೇಶದಲ್ಲಿ ಲಾಕ್‌ಡೌನ್. ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೆದ್ದಾರಿಗಳಲ್ಲಿ ಊರಿಗೆ ನಡೆಯುತ್ತಿದ್ದರು. ಸ್ಟುಡಿಯೋಗೆ ಕಿಮ್‌ನ ತೂಕದ ಚಿಂತೆ. ಮೇ 1ರಂದು ಆತ ರಸಗೊಬ್ಬರ ಕಾರ್ಖಾನೆಯೊಂದರ ಟೇಪು ಕತ್ತರಿಸಿ ಕೈಬೀಸಿದ. ಯಾರೂ ನಾಚಲಿಲ್ಲ. ಸಾಯಿಸಿದ ಉತ್ಸಾಹದಲ್ಲೇ ಬದುಕಿಸಿದರು.

ಸಿಎನ್‌ಎನ್ ಸ್ಥಾಪಿಸಿದ ಟೆಡ್ ಟರ್ನರ್ 1980ರಲ್ಲಿ ಒಂದು ಮಾತು ಹೇಳಿದ್ದ. ಪ್ರಪಂಚ ಮುಗಿಯುವ ತನಕ ಪ್ರಸಾರ ನಿಲ್ಲುವುದಿಲ್ಲ ಅಂತ. ಕೊನೆಯ ಗಳಿಗೆಗೆಂದು ಮಿಲಿಟರಿ ಬ್ಯಾಂಡಿನಿಂದ ಭಕ್ತಿಗೀತೆಯೊಂದನ್ನು ನುಡಿಸಿ ಟೇಪು ಮಾಡಿ ಇಡಿಸಿದ. 2015ರಲ್ಲಿ ಅದು ಹೊರಗೆ ಬಂತು. ಅದಕ್ಕೊಂದು ಸೂಚನೆ ಅಂಟಿತ್ತು: ಪ್ರಪಂಚ ಕೊನೆಯಾದದ್ದು ಖಚಿತವಾಗುವ ತನಕ ಪ್ರಸಾರ ಮಾಡಕೂಡದು.

ಖಚಿತವಾಗುವ ತನಕ! ಪ್ರಳಯವನ್ನೂ ಖಚಿತಪಡಿಸಿಕೊಂಡು ಹಾಕಬೇಕಂತೆ. ಎಂಥ ಹಿಂದುಳಿದ ಜನ.

ನಮ್ಮಲ್ಲಿ 2012ರ ಡಿಸೆಂಬರ್ 21ಕ್ಕೆ ಮಾಯಾ ಕ್ಯಾಲೆಂಡರ್ ಹಿಡಿದುಕೊಂಡು ಒಂದು ಪ್ರಳಯ ಮುಗಿಸಿದೆವು. ಆಮೇಲೆ ಗ್ರಹಣಕ್ಕೊಂದು. ಬೆಳಿಗ್ಗೆ ಜ್ಯೋತಿಷಿ ಗ್ರಹಗಳನ್ನು ಡಿಕ್ಕಿ ಹೊಡೆಸುತ್ತಾರೆ. ರಾತ್ರಿ ಕರ್ನಲ್ ದೇಶಗಳನ್ನು ಡಿಕ್ಕಿ ಹೊಡೆಸುತ್ತಾರೆ. ಇದೆಲ್ಲ ಇಸ್ರೋ ಕಚೇರಿ ಇರುವ ಊರಿನಿಂದಲೇ ಪ್ರಸಾರ.

ಕೂಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಜಪಾನಿನಲ್ಲೂ ಕೂಗುತ್ತಾರೆ. 2024ರ ಜನವರಿ 1ರ ಸಂಜೆ ನೋಟೊದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ಎನ್‌ಎಚ್‌ಕೆಯ ವಾರ್ತಾವಾಚಕಿ ಗಂಟಲು ಹರಿಯುವಂತೆ ಕೂಗಿದರು. ಸುನಾಮಿ ಬರುತ್ತಿದೆ, ಈಗಲೇ ಓಡಿ, ನಿಲ್ಲಬೇಡಿ, ಹಿಂದಕ್ಕೆ ಬರಬೇಡಿ. 2011ರ ಸುನಾಮಿಯಲ್ಲಿ ಸಮಾಧಾನದ ದನಿಗೆ ಜನ ಕದಲಲಿಲ್ಲ ಎಂಬ ಪಾಠ ಕಲಿತು, ಹೀಗೆ ಕೂಗುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದರು.

ಅಲ್ಲಿ ಕೂಗುವುದು ಜನ ಟಿವಿ ಬಿಟ್ಟು ಓಡಲಿ ಎಂದು. ಇಲ್ಲಿ ಕೂಗುವುದು ಜನ ಟಿವಿ ಬಿಟ್ಟು ಏಳದಿರಲಿ ಎಂದು.

2025ರ ಜೂನ್ 16ರಂದು ಟೆಹ್ರಾನಿನಲ್ಲಿ ಇರಾನಿನ ಸರ್ಕಾರಿ ಟಿವಿಯ ಕಟ್ಟಡಕ್ಕೆ ಇಸ್ರೇಲಿನ ಬಾಂಬ್ ಬಿತ್ತು. ವಾರ್ತೆ ಓದುತ್ತಿದ್ದಾಕೆ ಧೂಳಿನ ನಡುವೆ ಎದ್ದು ಹೋದರು, ಆಮೇಲೆ ಬಂದು ಮತ್ತೆ ಓದಿದರು. ಆ ವಾಹಿನಿ ಸರ್ಕಾರದ ತುತ್ತೂರಿ, ಒಪ್ಪಿದೆ. ಆದರೂ ಬಿದ್ದದ್ದು ನಿಜವಾದ ಬಾಂಬು, ಉದುರಿದ್ದು ನಿಜವಾದ ಗಾರೆ. ನಮ್ಮ ಸ್ಟುಡಿಯೋಗಳಲ್ಲಿ ವರ್ಷಕ್ಕೆ ಸಾವಿರ ಬಾಂಬು ಬೀಳುತ್ತದೆ. ಒಬ್ಬರ ಕೋಟಿನ ಇಸ್ತ್ರಿಯೂ ಕೆಡುವುದಿಲ್ಲ.

ಇಸ್ತ್ರಿ ಕೆಡದ ಶೌರ್ಯ ನೋಡಬೇಕಿದ್ದರೆ 2025ರ ಮೇ 8ರ ರಾತ್ರಿ ನೋಡಬೇಕಿತ್ತು. ದೇಶದ ಹಲವು ವಾಹಿನಿಗಳು ಆ ರಾತ್ರಿ ಕರಾಚಿ ಬಂದರನ್ನು ಪುಡಿ ಮಾಡಿದವು. ಇಸ್ಲಾಮಾಬಾದಿಗೆ ಸೇನೆ ನುಗ್ಗಿಸಿದವು. ಬೆಳಿಗ್ಗೆ ನೋಡಿದರೆ ಕರಾಚಿ ಬಂದರು ಇದ್ದಲ್ಲೇ ಇತ್ತು. ಹಿಂದಿನ ದಿನವಷ್ಟೇ ‘ಆಪರೇಷನ್ ಸಿಂಧೂರ’ದ ವಿವರ ಕೊಡಲು ಕೂತಿದ್ದ ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ದನಿ ಏರಿಸದೆ ಮಾತು ಮುಗಿಸಿದ್ದರು. ಯುದ್ಧ ಮಾಡುವವರು ತಣ್ಣಗೆ ಮಾತಾಡಿದರು. ಎ.ಸಿ.ಯಲ್ಲಿ ಕೂತವರು ಬೆವರಿದರು.

ಸೋಫಿಯಾ ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂದು ಗೊತ್ತಾದದ್ದೇ ತಡ, ಕ್ಯಾಮೆರಾಗಳು ಅತ್ತ ಓಡಿದವು. ಅವರ ಮನೆ ಸಿಕ್ಕಿತು. ಅವರ ದನಿ ಮಾತ್ರ ಯಾರಿಗೂ ಸಿಗಲಿಲ್ಲ.

ಇದಕ್ಕೆಲ್ಲ ಶಿಕ್ಷೆ ಇಲ್ಲವೇ ಎಂದು ಕೇಳಬೇಡಿ. ಇದೆ. 2020ರ ಮಾರ್ಚ್–ಏಪ್ರಿಲ್‌ನಲ್ಲಿ ತಬ್ಲೀಗ್ ಸಭೆಯ ಬಗ್ಗೆ ಮಾಡಿದ ಪ್ರಸಾರಕ್ಕಾಗಿ ವಾಹಿನಿಗಳದೇ ಸ್ವಯಂ ನಿಯಂತ್ರಣ ಸಂಸ್ಥೆ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಹದಿನಾಲ್ಕು ತಿಂಗಳ ಮೇಲೆ. ಹೆಲ್ಮೆಟ್ ಇಲ್ಲದೆ ಸೋಂಪುರದ ಕಾರ್ಖಾನೆಗೆ ಹೋಗುವ ಹುಡುಗ 500 ರೂಪಾಯಿಯನ್ನು ನಿಂತ ಜಾಗದಲ್ಲೇ ಕಟ್ಟುತ್ತಾನೆ. ಅವನು ಒಡೆಯಬಹುದಾದದ್ದು ತನ್ನ ಒಂದು ತಲೆಯನ್ನು ಮಾತ್ರ.

ಕೇಳಿದರೆ ಒಂದೇ ಉತ್ತರ. ‘ಜನ ನೋಡ್ತಾರೆ, ಅದಕ್ಕೇ ಹಾಕ್ತೀವಿ.’ ಯಾವ ಜನ? ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿ ಮೀರಿವೆ. ಟಿಆರ್‌ಪಿ ಅಳೆಯುವ ಬಾರ್ಕ್ ಪೆಟ್ಟಿಗೆ ಇರುವುದು 55 ಸಾವಿರದ ಆಸುಪಾಸಿನ ಮನೆಗಳಲ್ಲಿ. ಅಂದರೆ ನಾಲ್ಕು ಸಾವಿರದ ಹತ್ತಿರ ಮನೆಗಳ ಅಭಿರುಚಿಯನ್ನು ಒಂದು ಮನೆ ತೀರ್ಮಾನಿಸುತ್ತದೆ. ಆ ಮನೆಯಲ್ಲಿ ಯಾರೋ ರಿಮೋಟ್ ಕೆಳಗಿಟ್ಟು ನಿದ್ದೆ ಹೋದರೆ ನಮಗೆಲ್ಲ ಇನ್ನೊಂದು ಮಹಾಯುದ್ಧ.

ಒಂದು ವಾಹಿನಿಯ ಘೋಷವಾಕ್ಯ ‘ಉತ್ತಮ ಸಮಾಜಕ್ಕಾಗಿ’. ಇನ್ನೊಂದರದು ‘ನೇರ, ದಿಟ್ಟ, ನಿರಂತರ’. ನಿರಂತರ ಎಂಬುದರಲ್ಲಿ ತಕರಾರಿಲ್ಲ.

ಕೊನೆಗೆ ಸರ್ಕಾರಕ್ಕೂ ಕಿವಿ ನೋವು ಬಂತು. 2025ರ ಮೇ 10ರಂದು ಗೃಹ ಸಚಿವಾಲಯದ ಅಗ್ನಿಶಾಮಕ, ನಾಗರಿಕ ರಕ್ಷಣಾ ನಿರ್ದೇಶನಾಲಯ ಎಲ್ಲ ಮಾಧ್ಯಮಗಳಿಗೂ ತಾಕೀತು ಮಾಡಿತು: ಕಾರ್ಯಕ್ರಮಗಳಲ್ಲಿ ವಾಯುದಾಳಿ ಸೈರನ್ ಸದ್ದು ಬಳಸಬೇಡಿ. ಕಾರಣ ಸರಳ. ದಿನವೂ ಕೇಳಿದರೆ ನಿಜವಾದ ಸೈರನ್ನಿಗೂ ಜನ ಎದ್ದೇಳುವುದಿಲ್ಲ. ಯುದ್ಧದ ಹೊತ್ತಿನಲ್ಲಿ ಶತ್ರುವಿನ ಜೊತೆಗೆ ಸ್ಟುಡಿಯೋಗಳ ಮೇಲೂ ಕಣ್ಣಿಡಬೇಕಾದ ದೇಶ ಇನ್ನೊಂದು ಇದ್ದರೆ ತೋರಿಸಿ.

ತಾಕೀತು ತಡವಾಯಿತು. ನಾವು ಆಗಲೇ ತಯಾರಾಗಿದ್ದೇವೆ. ನಾಳೆ ನಿಜವಾಗಿ ಸೈರನ್ ಮೊಳಗಿದರೆ ದಾಬಸ್‌ಪೇಟೆಯಲ್ಲಿ ಯಾರೂ ಓಡುವುದಿಲ್ಲ. ‘ಸೌಂಡ್ ಕಮ್ಮಿ ಮಾಡೋ’ ಎನ್ನುತ್ತಾರೆ.