ಮೊಳಕ್ಕೆ ಹದಿನೆಂಟು ವರ್ಷ

“ಇದು ವಾರಕ್ಕೆ ಎಷ್ಟು ಮೊಳ ಬಿಡತ್ತೋ?”

ಲಾಲ್‌ಬಾಗಿನಿಂದ ಆಟೋದಲ್ಲಿ ಎದೆಗವಚಿಕೊಂಡು ತಂದ ಕುಂಡವನ್ನು ನಡುಮನೆಯ ಕಿಟಕಿಯಲ್ಲಿ ಇಳಿಸುತ್ತಿದ್ದ ಹಾಗೇ ಅಮ್ಮ ಕೇಳಿದ ಪ್ರಶ್ನೆ ಇದು. ಆಗ ಅವಳಿಗೆ 82. ಮದುವೆಯಾಗಿ ಬಸವನಗುಡಿಗೆ ಬಂದ ಮಾರನೆಯ ದಿನದಿಂದ ಗಾಂಧಿ ಬಜಾರಿನ ಹೂವಿನ ಸಾಲಿಗೆ ಗಿರಾಕಿ. ಅವಳ ಶಾಸ್ತ್ರದಲ್ಲಿ ಹೂವಿಗೆ ಎರಡೇ ಅಳತೆ: ಕಟ್ಟಿದ್ದಾದರೆ ಮೊಳ, ಬಿಡಿಯಾದರೆ ಕಾಲು ಕೆ.ಜಿ. ಎರಡೇ ಜಾಗ: ದೇವರ ತಲೆ, ಇಲ್ಲವೇ ಹೆಂಗಸರ ತಲೆ. ಹೂವಾಡಗಿತ್ತಿ ಮೊಳ ಹಾಕುವಾಗ ಕೈ ಎಲ್ಲಿ ಮಡಚುತ್ತಾಳೆಂದು ಕನ್ನಡಕ ಸರಿಮಾಡಿಕೊಂಡು ನೋಡಿ, “ಏನಮ್ಮಾ, ದೀಪಾವಳಿಗಿಂತ ಸಂಕ್ರಾಂತಿಗೆ ನಿನ್ನ ಕೈ ಗಿಡ್ಡ ಆಗಿದೆಯಲ್ಲ” ಎನ್ನುವ ಪೈಕಿ.

“ಮೊಳಗಿಳ ಎಲ್ಲ ಇಲ್ಲಮ್ಮ. ಗಿಡಕ್ಕೆ ಒಂದು ಹೂವು.”

“ದಿನಕ್ಕಾ?”

“ಅಲ್ಲ... ಇದಿನ್ನೂ ಎಳೇ ಗಿಡ. ಮೂರು ವರ್ಷ ಆಗಬಹುದು.”

ನನ್ನ ಹೆಂಡತಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು. ಬೀನ್ಸಿನ ನಾರು ತೆಗೆಯುತ್ತಾ, ತಲೆ ಕೂಡ ಎತ್ತದೆ ಲೆಕ್ಕ ಒಪ್ಪಿಸಿದಳು: “ಹೂವು ಮೂರಿಂಚು ಅಗಲ ಅಂತ ಇಟ್ಕೊಂಡ್ರೆ ಮೊಳಕ್ಕೆ ಆರು. ಹೂವಿಗೆ ಮೂರು ವರ್ಷ. ಮೊಳಕ್ಕೆ 18 ವರ್ಷ, ಅತ್ತೆ.”

“ನನಗಾಗ ನೂರು ತುಂಬಿರತ್ತೆ,” ಎಂದಳು ಅಮ್ಮ. “ಆಗಲಿ. ಒಂದು ಮೊಳ ನನ್ನ ಹೆಸರಿಗೆ ಬರ್ಕೊಂಡಿರು.”

ಇಷ್ಟಾದರೂ ಅಸಲು ಸಂಗತಿಯನ್ನು ನಾನಿನ್ನೂ ಬಾಯಿಬಿಟ್ಟಿರಲಿಲ್ಲ. ಕರ್ನಾಟಕದ ಆರ್ಕಿಡ್ ಸೊಸೈಟಿಯವರು ಲಾಲ್‌ಬಾಗಿನಲ್ಲಿ ನಡೆಸುವ ಪ್ರದರ್ಶನಕ್ಕೆ ನಾನು ಹೋದದ್ದು ಬರೀ ವಾಕಿಂಗಿನ ದಾರಿ ತಪ್ಪಿ. ಅಲ್ಲಿ ಸುಮ್ಮನೆ ನಿಂತಿದ್ದ ಒಂದು ಹೂವು ನನ್ನನ್ನು ಹಿಡಿದು ನಿಲ್ಲಿಸಿತು. ಬಿಳಿಯ ಮೇಲೆ ತೊಂಡೆಕಾಯಿಯ ಹಾಗೆ ಹಸಿರು ಗೆರೆ, ಅಕ್ಕಪಕ್ಕ ಇಳಿಬಿದ್ದ ಎರಡು ಮೀಸೆ, ಮುಂದುಗಡೆ ಒಂದು ಪುಟ್ಟ ಹಸಿರು ಚೀಲ. ಚೀಲ ಎಂದದ್ದು ನನ್ನ ಮರ್ಯಾದೆ. ಅದನ್ನು ಕಂಡ ಯಾರಿಗಾದರೂ ತೋಚುವುದು ಜಾತ್ರೆಯಲ್ಲಿ ಮಾರುವ, ಮುಂದೆ ಉಬ್ಬಿಕೊಂಡಿರುವ ಮಕ್ಕಳ ಚಪ್ಪಲಿ. ಇಂಗ್ಲಿಷಿನವರು ಲೇಡೀಸ್ ಸ್ಲಿಪ್ಪರ್ ಎಂದರು. ಶಾಸ್ತ್ರಜ್ಞರು ಇನ್ನೂ ಎತ್ತರಕ್ಕೆ ಹೋಗಿ, ಗ್ರೀಕರ ಪ್ರೇಮದೇವತೆಯ ಊರಾದ ಸೈಪ್ರಸ್ಸಿನ ಪೇಫೋಸನ್ನೂ ಚಪ್ಪಲಿ ಎಂಬರ್ಥದ ಗ್ರೀಕ್ ಪದವನ್ನೂ ಕೂಡಿಸಿ ಪ್ಯಾಫಿಯೋಪೆಡಿಲಮ್ ಎಂದರು. ನಾನು ತಂದದ್ದು ಅದರಲ್ಲೊಂದು ಮಿಶ್ರತಳಿಯ ಮರಿ. 1900ರಲ್ಲಿ ಇಂಗ್ಲೆಂಡಿನಲ್ಲಿ ನೋಂದಾಯಿಸಿದ ‘ಮೌಡಿಯೆ’ ಎಂಬುದರ ವಂಶ.

ಕುಂಡಕ್ಕೆ ಚುಚ್ಚಿದ್ದ ಪಟ್ಟಿಯನ್ನು ಹೆಂಡತಿ ಗಟ್ಟಿಯಾಗಿ ಓದಿದಳು. “ಪ್ಯಾಫಿ... ಪಾಪಿ... ಪಾಪಿ ಮೌಢ್ಯ ಅಂತ ಬರ್ದಿದೆ ಮಾರಾಯ್ರೆ. ಒಂದು ಗಿಡದ್ದು, ಇನ್ನೊಂದು ತಂದವರದ್ದಾ?”

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಪಾಪಿ. ಹೆಸರಿನ ಅರ್ಥ ಕೇಳಿದ ಅಮ್ಮ ಒಂದೇ ತೀರ್ಪು ಕೊಟ್ಟಳು: “ಚಪ್ಪಲಿ ಹೂವಾ? ದೇವರ ಮನೆ ಹೊಸಲು ದಾಟಿಸಬೇಡ.”

ಹೆಂಡತಿಯದು ಬೇರೆ ಬಗೆಯ ತಾತ್ಸಾರ. ಅವಳು ಕೊಪ್ಪದ ಕಡೆಯವಳು. ಅಲ್ಲಿ ಆರ್ಕಿಡ್ ಎಂದರೆ ಸೀತಾಳೆ ದಂಡೆ. ಮಳೆಗಾಲ ಹೊಸ್ತಿಲಿಗೆ ಬಂತೆಂದರೆ ಹಲಸಿನ ಮರದ ಕವೆಯಲ್ಲಿ ತಾನಾಗಿ ನರಿಬಾಲದುದ್ದ ನೇರಳೆ ಗೊಂಚಲು ಇಳಿಬಿಡುತ್ತದೆ. ಕಿತ್ತು ನೇರವಾಗಿ ಜಡೆಗೆ ಮುಡಿಯಬಹುದು, ದಾರವೂ ಬೇಡ. “ನಮ್ಮಲ್ಲಿ ಅದಕ್ಕೆ ಯಾರೂ ನೀರು ಹಾಕಿದ್ದು ನಾ ಕಾಣೆ. ಪುಸ್ತಕ ಓದಿದ್ದಂತೂ ಇಲ್ಲವೇ ಇಲ್ಲ.” ನಮ್ಮ ಪಾಪಿ ಆ ಮರದ ಮೇಲಿನ ಕುಲವಲ್ಲ, ಕಾಡಿನ ನೆಲದಲ್ಲಿ ಕೊಳೆತ ತರಗೆಲೆಯ ನಡುವೆ ಬದುಕುವ ಜಾತಿ, ಕರ್ನಾಟಕದ ಕಾಡಿನಲ್ಲಿ ಇದರ ಬಂಧುಗಳೇ ಇಲ್ಲ ಎಂದು ವಿವರಿಸಿದೆ. “ಪಾಪ, ಪರದೇಶಿ,” ಎಂದಳು. ಕನಿಕರ ಗಿಡದ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಮೊದಲನೆಯ ಪಾಪಿ ಎರಡೇ ತಿಂಗಳಿಗೆ ಹೋಯಿತು. ಕೊಂದವನು ನಾನೇ. ತುಳಸಿಗೆ ಹಾಕುವ ಹಾಗೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಎಲೆ ಹಳದಿಯಾದಾಗ ಬಾಯಾರಿದೆಯೆಂದು ಸಂಜೆಗೂ ಒಂದು ಚೊಂಬು. ಕೊನೆಗೆ ಕುಂಡ ಬೋರಲು ಹಾಕಿದರೆ ಬೇರೆಲ್ಲ ನೆನೆಸಿದ ಹುಣಸೆಹಣ್ಣು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರೆ. ನಮ್ಮ ಪಾಪಿ ಒಂದು ಚೊಂಬಿನಲ್ಲೇ ಮುಳುಗಿತು.

ಆಮೇಲೆ ತಿಳಿದದ್ದಿಷ್ಟು. ಬೇರೆ ಎಷ್ಟೋ ಆರ್ಕಿಡ್‌ಗಳು ಬುಡದಲ್ಲಿ ಗೆಡ್ಡೆಯಂಥ ಉಬ್ಬು ಇಟ್ಟುಕೊಂಡು ನೀರು ಕೂಡಿಡುತ್ತವೆ. ವಾರ ಮರೆತರೂ ಕ್ಷಮಿಸುತ್ತವೆ. ಚಪ್ಪಲಿ ಹೂವಿಗೆ ಆ ಉಳಿತಾಯ ಖಾತೆಯೇ ಇಲ್ಲ. ತಿಂಗಳ ಸಂಬಳದಲ್ಲೇ ತಿಂಗಳು ದೂಡುವ ಸಂಸಾರ. ಪೂರ್ತಿ ಒಣಗಿಸಬಾರದು, ನೆನೆಯಲು ಬಿಡಲೂ ಬಾರದು. ಹಿಂಡಿ ಒಣಹಾಕಿದ ಪಂಚೆ ಅರ್ಧ ಗಂಟೆಯ ನಂತರ ಎಷ್ಟು ಒದ್ದೆ ಇರುತ್ತದೋ ಅಷ್ಟು ತೇವ, ವರ್ಷಪೂರ್ತಿ. ಹಾಗಾಗಿ ಮಣ್ಣು ಕೂಡದು. ಮರದ ತೊಗಟೆ ಚೂರು, ಇದ್ದಿಲು, ತೆಂಗಿನ ಮಟ್ಟೆಯ ತುಂಡು ಇವೇ ಅದರ ನೆಲ. ಕೊಳೆತು ಪುಡಿಯಾಗುವ ಮೊದಲು, ಅಂದರೆ ವರ್ಷ ಎರಡು ವರ್ಷಕ್ಕೊಮ್ಮೆ, ಅದನ್ನೂ ಬದಲಾಯಿಸಬೇಕು.

ಎರಡನೆಯ ಪಾಪಿಯನ್ನು ತಂದು, ಇದ್ದಿಲಿಗೆ ನಮ್ಮ ರಸ್ತೆ ಕೊನೆಯ ಇಸ್ತ್ರಿ ಗಾಡಿಯವನ ಹತ್ತಿರ ಹೋದೆ. ಎರಡು ಹಿಡಿ ಕೊಟ್ಟು, “ಯಾವ ಹೂವಿಗೆ ಸಾರ್?” ಎಂದ. ಹೇಳಿದೆ. “ಚಪ್ಪಲಿಗೂ ಇಸ್ತ್ರಿ ಮಾಡೋ ಕಾಲ ಬಂತು ಬಿಡಿ,” ಎಂದು ದುಡ್ಡು ಬೇಡವೆಂದ. ಮಟ್ಟೆಯ ತುಂಡುಗಳಲ್ಲಿ ಉಪ್ಪಿನಂಶವಿರುತ್ತದೆ, ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಬೇಕು. ಬಕೆಟ್ಟಿನಲ್ಲಿ ಬಿಟ್ಟ ಬಣ್ಣ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು, “ಇಷ್ಟು ಡಿಕಾಕ್ಷನ್ ಯಾರಿಗೋ?” ಎಂದಳು.

ನೀರಿನದು ಇನ್ನೊಂದು ರಾಮಾಯಣ. ನಮ್ಮ ಮನೆಯ ಸಂಪಿನಲ್ಲಿ ಕಾವೇರಿಯೂ ಬೋರ್‌ವೆಲ್ಲೂ ಕೂಡುಕುಟುಂಬ. ಗೀಸರಿನ ಕಾಯಿಲಿಗೆ ಸುಣ್ಣ ಮೆತ್ತಿಸುವ ಆ ಗಡಸು ನೀರು ಪಾಪಿಯ ಬೇರಿಗೆ ವಿಷ. ಶ್ರೇಷ್ಠವಾದದ್ದು ಮಳೆ ನೀರು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆ ನೀರು ಕೊಯ್ಲು 2009ರಲ್ಲೇ ಕಡ್ಡಾಯವಾಗಿತ್ತು. ಕಾನೂನಿಗೆ ಬಗ್ಗದಿದ್ದ ನಾನು ಒಂದು ಗಿಡಕ್ಕೆ ಬಗ್ಗಿ ತಾರಸಿಯ ಪೈಪಿನಡಿ ಡ್ರಮ್ ಇಟ್ಟೆ. ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು, ಕಲ್ಲಿನ ಮೇಲೆ ನನ್ನ ಕಣ್ಣು. ಒಂದು ದಿನ ಕೆಲಸದಾಕೆ ಆ ನೀರಲ್ಲಿ ಅಂಗಳ ತೊಳೆಯಲು ಹೋದಾಗ, “ಮುಟ್ಟಬೇಡ!” ಎಂದು ಕೂಗಿಕೊಂಡು ಓಡಿದೆ. ಜಗಲಿಯಲ್ಲಿ ಕೂತಿದ್ದ ಅಮ್ಮನಿಗೆ ಪರಮಾನಂದ. “ನನ್ನ ಮಡಿ ನೀರು ನೋಡಿ ಐವತ್ತು ವರ್ಷ ನಗಾಡಿದೆಯಲ್ಲ. ಈಗ ನಿನಗೂ ಬಂತೇನೋ ಮಡಿ?”

ಎರಡು ವರ್ಷ ಕಳೆದವು. ಎಲೆ ಬಂದವು, ಎಲೆ ಮಾತ್ರ ಬಂದವು. ನೋಡಲು ಚೆಂದವೇ, ಹಸಿರಿನ ಮೇಲೆ ಕಲೆಕಲೆಯಾಗಿ ಹಾವಿನ ಮೈ ಇದ್ದ ಹಾಗೆ. ಆದರೆ ಎಲೆಗೆ ಬೆಲೆ ವೀಳ್ಯದ್ದಾದರೆ ಮಾತ್ರ ನಮ್ಮ ಕಡೆ. ಎದುರುಮನೆ ರಾಯರು ದಿನಾ ಸಂಜೆ ಪೇಪರು ವಾಪಸು ಕೊಡುವ ನೆಪದಲ್ಲಿ ಬಂದು, “ಏನಂತೆ ನಿಮ್ಮ ಪಾಪಿ?” ಎಂದು ಕೇಳಿ ಹೋಗುವರು. ಆಸ್ಪತ್ರೆಯಲ್ಲಿರುವವರನ್ನು ವಿಚಾರಿಸುವ ಧಾಟಿ.

ಹೂ ಬಿಡದ ಗಿಡ ಇಟ್ಟುಕೊಂಡವನಿಗೆ ಓದಲು ಬೇಕಾದಷ್ಟು ಬಿಡುವಿರುತ್ತದೆ. ನನಗಿಂತ ತಲೆಕೆಟ್ಟವರು ಆಗಿಹೋಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಪೂರ್ವ ಹಿಮಾಲಯದ ಒಂದು ಚಪ್ಪಲಿ ಹೂವು 1857ರಲ್ಲಿ ಇಂಗ್ಲೆಂಡಿನಲ್ಲಿ ಅರಳಿ ಎಲ್ಲರ ಬುದ್ಧಿ ಕೆಡಿಸಿತು. ಆಮೇಲೆ ಅಲ್ಲಿನ ಗಿಡಗಳು ಒಂದೊಂದಾಗಿ ಸತ್ತವು, ಮೂಲ ಎಲ್ಲಿಯದೆಂದು ಯಾರಿಗೂ ನೆನಪಿಲ್ಲ. ಸ್ಯಾಂಡರ್ ಎಂಬ ಆರ್ಕಿಡ್ ವ್ಯಾಪಾರಿ ಹುಡುಕಿಕೊಟ್ಟವರಿಗೆ ಸಾವಿರ ಪೌಂಡ್ ಎಂದು ಸಾರಿದ. ಮತ್ತೆ ಸಿಕ್ಕಿದ್ದು 1905ರಲ್ಲಿ. ಸಾವಿರ ಪೌಂಡಿನ ಕತೆ ಹೇಳಿ ನನ್ನ ಎರಡು ಗಿಡದ ಬೆಲೆಯನ್ನು ಹೆಂಡತಿಗೆ ಜೀರ್ಣವಾಗಿಸಿದೆ.

ದಕ್ಷಿಣಕ್ಕೆ ಇರುವುದು ಒಂದೇ ಚಪ್ಪಲಿ ಹೂವು. ಕೇರಳ-ತಮಿಳುನಾಡಿನ ಗಡಿಯ ಅಗಸ್ತ್ಯಮಲೆಯಲ್ಲಿ, 1865ರಲ್ಲಿ ಕರ್ನಲ್ ಡ್ರೂರಿ ಕಂಡದ್ದು. ಅವನ ಹೆಸರೇ ಅದಕ್ಕಾಯಿತು. ಹಳದಿ ಹೂವಿನ ನಡುಮಧ್ಯೆ ಒಂದು ಕಡುಗಂದು ಗೆರೆ, ಮಠಕ್ಕೆ ಹೊರಟ ಎದುರುಮನೆ ರಾಯರ ಹಣೆಯ ಅಂಗಾರವೇ ಸರಿ. ಮರುಳಾದವರು ಕಿತ್ತೂ ಕಿತ್ತೂ ಕಾಡಿನಲ್ಲಿ ಮುಗಿದೇ ಹೋಯಿತೆಂದುಕೊಂಡಿದ್ದಾಗ 1972ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಈಗಲೂ ಅಳಿವಿನ ಅಂಚಿನಲ್ಲೇ ಇದೆ. ಕಾಡಿನ ಚಪ್ಪಲಿ ಹೂವುಗಳನ್ನು ದೇಶ ದಾಟಿಸಿ ಮಾರುವುದನ್ನು ಜಗತ್ತೇ ನಿಷೇಧಿಸಿದೆ. ಇದನ್ನೆಲ್ಲ ಕೇಳಿದ ಅಮ್ಮ ಹಿಡಿದುಕೊಂಡದ್ದು ಒಂದೇ ಪದ. “ಅಗಸ್ತ್ಯರ ಬೆಟ್ಟದಲ್ಲಿ ಬಿಡತ್ತಾ?” ಎಂದು ಸ್ವಲ್ಪ ಯೋಚಿಸಿ, “ಹಾಗಾದರೆ ಕುಲ ಕೆಟ್ಟದ್ದಲ್ಲ,” ಎಂದಳು. ಮೊದಲ ಬಾರಿ ಅವಳ ದನಿ ಮೆತ್ತಗಾಗಿತ್ತು.

ಅರ್ಧ ಓದಿದವನ ಅವಾಂತರವನ್ನೂ ಹೇಳಿಬಿಡುತ್ತೇನೆ. ರಾತ್ರಿ ಚಳಿ ತಾಗಿದರೆ ಹೂವು ಬರುತ್ತದೆ, 10–12 ಡಿಗ್ರಿಯಾದರೆ ಉತ್ತಮ ಎಂದು ಒಂದು ಕಡೆ ಓದಿದೆ. ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15–16ಕ್ಕೆ ನಿಲ್ಲುತ್ತದೆ. ಈ ಊರಿನಲ್ಲಿ 7.8 ಡಿಗ್ರಿ ದಾಖಲಾದದ್ದು ಜನವರಿ 1884ರಲ್ಲಿ. ಆಗ ಬಸವನಗುಡಿ ಬಡಾವಣೆಯೇ ಹುಟ್ಟಿರಲಿಲ್ಲ. ಕಾಲವನ್ನು ಹಿಂದಕ್ಕೆ ತಿರುಗಿಸಲಾರದೆ ಫ್ರಿಜ್ಜಿನ ಬಾಗಿಲು ತೆಗೆದೆ. ತರಕಾರಿ ಡಬ್ಬಿ ಎತ್ತಿಟ್ಟು, ಎರಡು ರಾತ್ರಿ ಪಾಪಿಯನ್ನು ಒಳಗೆ ಮಲಗಿಸಿದೆ. ಮೂರನೆಯ ಬೆಳಿಗ್ಗೆ ನೈವೇದ್ಯದ ಹಾಲು ತೆಗೆಯಲು ಹೋದ ಅಮ್ಮ ಕಂಡದ್ದು ಹಾಲಿನ ಕೆಳಗೆ ಚಪ್ಪಲಿ ಗಿಡ. ಅಂದು ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಫ್ರಿಜ್ಜನ್ನು ಒಳಗೂ ಹೊರಗೂ ತೊಳೆದೆ ಎಂದರೆ ಸಾಕು. ಎಲೆಗಳ ಮೇಲೆ ಕಂದು ಚುಕ್ಕೆ ಬಿದ್ದ ಮೇಲೆ ಮುಂದಿನ ಪುಟ ಓದಿದೆ: ಆ ಮಟ್ಟದ ಚಳಿ ಬೇಕಾಗಿರುವುದು ಬರೀ ಹಸಿರೆಲೆಯ ಗುಡ್ಡಗಾಡಿನ ಜಾತಿಗಳಿಗೆ. ಎಲೆ ಮೇಲೆ ಕಲೆ ಇರುವವು ನಮ್ಮ ಹಾಗೆ, ಬೆಂಗಳೂರಿನ ಹವೆಯೇ ಸಾಕು. ಹಗಲಿಗಿಂತ ರಾತ್ರಿ ನಾಲ್ಕಾರು ಡಿಗ್ರಿ ಇಳಿದರೆ ಖುಷಿ.

ಆ ಇಳಿತ ನಡುಮನೆಯ ಕಿಟಕಿಯಲ್ಲಿ ಸಿಗುತ್ತಿರಲಿಲ್ಲ ಎಂಬುದು ಹೊಳೆಯಲು ಕಡಲೆಕಾಯಿ ಪರಿಷೆ ಬರಬೇಕಾಯಿತು. ಕಾರ್ತಿಕದ ಕಡೇ ಸೋಮವಾರ ಬಂತೆಂದರೆ ಬಸವನಗುಡಿಯವರ ಮನೆಗಳು ಛತ್ರ. ಬುಲ್ ಟೆಂಪಲ್ ರಸ್ತೆಯಿಂದ ನಮ್ಮ ನೆಂಟರೆಲ್ಲ ಸೇರು ಸೇರು ಕಡಲೆಕಾಯಿ ಹೊತ್ತು ಬಂದರು. ಕಿಟಕಿಯ ಜಾಗ ಚೀಲಗಳಿಗೆ ಬೇಕಾಯಿತು. ಹೆಂಡತಿ ಪಾಪಿಯನ್ನು ಎತ್ತಿ ಹೊರಜಗಲಿಯ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. “ಹೆಸರಿಗೆ ತಕ್ಕ ಜಾಗ,” ಎಂದಳು. ನೆಂಟರು ಹೋದರು, ಸಿಪ್ಪೆ ಗುಡಿಸಿಯಾಯಿತು, ನನಗೆ ನೆಗಡಿ ಜ್ವರ ಬಂತು. ಪಾಪಿ ಅಲ್ಲೇ ಉಳಿಯಿತು. ಬೆಳಗಿನ ಎಳೆಬಿಸಿಲು ಎಂಟಕ್ಕೆ ಬಂದು ಒಂಬತ್ತಕ್ಕೆ ಹೋಗುವ ಜಾಗ, ಮಿಕ್ಕ ಹೊತ್ತು ಎದುರಿನ ಹೊಂಗೆಯ ನೆರಳು, ಮಾರ್ಗಶಿರದ ಇಬ್ಬನಿ. ನೆನಪಾದವರು ಡ್ರಮ್ಮಿನಿಂದ ಒಂದಿಷ್ಟು ನೀರು ಚಿಮುಕಿಸಿದ್ದರಂತೆ. ಪುಸ್ತಕ ಓದಿದವನು ಹಾಸಿಗೆ ಹಿಡಿದಿದ್ದೇ ದೊಡ್ಡ ಉಪಕಾರ.

ಸಂಕ್ರಾಂತಿಯ ಎಳ್ಳು ಬೀರಲು ಬಂದ ಪಕ್ಕದ ಮನೆಯ ಪುಟ್ಟ ಹುಡುಗಿ ಬೂಟು ಬಿಚ್ಚುತ್ತಾ, “ತಾತಾ, ಇದರೊಳಗೆ ಏನೋ ಸಿಕ್ಕಾಕೊಂಡಿದೆ,” ಎಂದಳು. ಎಲೆಗಳ ನಡುವೆ, ಲಕೋಟೆಯೊಳಗಿನ ಕಾಗದದ ತುದಿಯ ಹಾಗೆ, ಹಸಿರು ಮೊಗ್ಗು. ನಾನು ಕೂಗಿದ ಕೂಗಿಗೆ ರಾಯರು ಟವಲಿನಲ್ಲೇ ಓಡಿಬಂದರು.

ಅಲ್ಲಿಂದ ಮುಂದೆ ಒಂದು ತಿಂಗಳು ಮನೆಯಲ್ಲಿ ಬಸುರಿಯ ಆರೈಕೆ. ಕುಂಡ ತಿರುಗಿಸುವ ಹಾಗಿಲ್ಲ, ದಂಟು ಸೊಟ್ಟಗಾಗುತ್ತದೆ. ಚಪ್ಪಲಿಗಳೆಲ್ಲ ಸ್ಟ್ಯಾಂಡು ಬಿಟ್ಟು ನೆಲಕ್ಕಿಳಿದವು. ಹೂವು ಬಿಚ್ಚಿಕೊಂಡಾಗ ಶಿವರಾತ್ರಿಗೆ ನಾಲ್ಕು ದಿನ. ಬಿಳಿ ಛತ್ರಿ, ಹಸಿರು ಗೆರೆ, ಮೀಸೆ, ಮಿರಿಮಿರಿ ಮಿಂಚುವ ಚಪ್ಪಲಿ. ಹಾಲಿನವನು ಮುಟ್ಟಿ ನೋಡಿ “ಪ್ಲಾಸ್ಟಿಕ್ಕಾ ಸಾರ್?” ಎಂದ. ಒಂದು ಮಧ್ಯಾಹ್ನ ರಾಯರೂ ನಾನೂ ಎರಡು ಕುರ್ಚಿ ಹಾಕಿಕೊಂಡು ಕೂತಿದ್ದಾಗ ಒಂದು ನೊಣ ಜಾರಿ ಚಪ್ಪಲಿಯೊಳಗೆ ಬಿತ್ತು. ಮುಂದಿನ ಅಂಚು ನುಣುಪು, ಹತ್ತಲಾಗದು. ಹಿಂಬದಿಯ ಕೂದಲ ಮೆಟ್ಟಿಲು ಹಿಡಿದು ಮೇಲಿನ ಸಂದಿಯಿಂದ ತೂರಿಯೇ ಬರಬೇಕು; ಹಾಗೆ ತೂರುವಾಗ ಬೆನ್ನಿಗೆ ಪರಾಗ ಮೆತ್ತುತ್ತದೆ. “ಗಾಂಧಿ ಬಜಾರಿನ ಒನ್‌ವೇ,” ಎಂದರು ರಾಯರು. ಒಳಗೆ ಜೇನಾದರೂ ಇದೆಯೇ ಎಂದು ಕೇಳಿದರು. ಒಂದು ಹನಿಯೂ ಇಲ್ಲ, ಬರೀ ತೋರಿಕೆ ಎಂದೆ. “ಅಂದರೆ ಕ್ಯೂ ನಿಲ್ಲಿಸಿ ದೋಸೆ ಇಲ್ಲ ಅಂತ ಕಳಿಸಿದ ಹಾಗೆ,” ಎಂದು ನೊಣದ ಪರವಾಗಿ ಬಹಳ ನೊಂದುಕೊಂಡರು.

ಹೂವು ಬಾಡಲಿಲ್ಲ. ಅಮ್ಮನಿಗೆ ಅದೇ ದೊಡ್ಡ ವಿಸ್ಮಯ. ಬೆಳಿಗ್ಗೆ ತಂದ ಮಲ್ಲಿಗೆ ರಾತ್ರಿಗೆ ಕಂದುವುದನ್ನು ಆಯಸ್ಸೆಲ್ಲ ಕಂಡವಳು. ಶಿವರಾತ್ರಿ ಹೋಯಿತು, ಹೋಳಿ ಹೋಯಿತು, ಯುಗಾದಿಯ ಬೇವುಬೆಲ್ಲವೂ ಆಯಿತು. ಪಾಪಿ ಹಾಗೇ ನಿಂತಿದೆ. “ಪಾಪಿ ಚಿರಾಯು ಅಂತ ಸುಮ್ಮನೆ ಅಂದಿದ್ದಾರಾ,” ಎನ್ನುತ್ತಾ ಊರುಗೋಲು ಹಿಡಿದು ದಿನಾ ಬೆಳಿಗ್ಗೆ ಜಗಲಿಗೆ ಹೋಗಿ ನೋಡಿ ಬರುವಳು.

ಶ್ರೀರಾಮನವಮಿಯ ಬೆಳಿಗ್ಗೆ ಪಾನಕಕ್ಕೆ ಏಲಕ್ಕಿ ಕುಟ್ಟುತ್ತಿದ್ದೆ. ದೇವರ ಮನೆಯಿಂದ ಕರೆ ಬಂತು.

“ಲೋ, ಆ ಪಾದುಕೆ ತಗೊಂಬಾ.”

“ಯಾವ ಪಾದುಕೆಯಮ್ಮ?”

“ಜಗಲೀಲಿ ಇದೆಯಲ್ಲೋ. ಭರತ ಸಿಂಹಾಸನದ ಮೇಲೆ ಇಟ್ಟು ಪೂಜೆ ಮಾಡಿದ್ದು ಏನನ್ನ ಮತ್ತೆ?”

ಕತ್ತರಿ ಹುಡುಕಲು ಹೊರಟವನನ್ನು ತಡೆದಳು. “ಕೀಳಬೇಡ ಕಣೋ. ಕುಂಡ ಸಮೇತ ತಂದಿಡು. ಇದ್ದಿಲು ಗಿದ್ದಿಲು ಒಳಗೆ ಉದುರಿಸಬೇಡ.”

ರಾಮದೇವರ ಪಟದ ಮುಂದೆ ಕುಂಡ ಇಟ್ಟೆ. ಅಮ್ಮ ಅಕ್ಷತೆ ಹಾಕಿ, ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ನೋಡಿದಳು. ಹೂ ಬಿಟ್ಟ ಕವಲು ಮತ್ತೆ ಬಿಡುವುದಿಲ್ಲ, ನಿಧಾನವಾಗಿ ಸಾಯುತ್ತದೆ. ಪಕ್ಕದಲ್ಲಿ ಎದ್ದಿರುವ ಆ ಮರಿ ದೊಡ್ಡದಾಗಿ ಬಿಡಬೇಕು ಎಂದು ಹೇಳಿದೆ. ಹೆಬ್ಬೆರಳು ಗಾತ್ರದ ಮರಿಯನ್ನು ಕಿರುಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಮೊಳಕೈ ಮಡಚಿ, ಹೂವಿನ ಅಗಲವನ್ನು ಬೆರಳ ತುದಿಯಿಂದ ಅಳೆದು, ಅಡುಗೆಮನೆಯ ಕಡೆ ತಿರುಗಿ ಸೊಸೆಗೆ ಕೂಗಿ ಹೇಳಿದಳು:

“ಒಂದಾಯ್ತು ಕಣೇ. ಇನ್ನು ಐದು.”