ಸಮುದ್ರರಾಜನಿಗೆ ಒಂದು ರೂಪಾಯಿ

ನಮ್ಮ ದಾಮರಗಿದ್ದದ ಕಡೆ ಮಂದಿ ಊರು ಬಿಡುವುದು ದುಡಿಮೆಗೆ, ದವಾಖಾನೆಗೆ, ಇಲ್ಲವೇ ದೇವರಿಗೆ. ನಮ್ಮ ಪಾಲಮೂರು ಸೀಮೆಯ ಕೂಲಿಗಳು ದೇಶದ ಎಷ್ಟೋ ಅಣೆಕಟ್ಟುಗಳಿಗೆ ಮಣ್ಣು ಹೊತ್ತರು. ಬೊಂಬಾಯಿ ಬಸ್ಸು ಹತ್ತಿದವರು ಅರೆಕಟ್ಟಿದ ಮಾಳಿಗೆಗಳ ಮೇಲಿಂದ ಅರಬ್ಬಿ ಸಮುದ್ರವನ್ನೂ ನೋಡಿದರು, ಅದೂ ಮೇಸ್ತ್ರಿ ಬೇರೆ ಕಡೆ ನೋಡುವಾಗ. ಸುಮ್ಮನೆ ನೀರು ನೋಡಿ ಬರಲಿಕ್ಕೆ ರೊಕ್ಕ ಖರ್ಚು ಮಾಡುವುದು ನಮ್ಮಲ್ಲಿ ತಲೆ ಕೆಟ್ಟವರ ಲಕ್ಷಣ. ಜರ್ಮನಿಯಲ್ಲಿರುವ ಮಗ ನಮ್ಮಿಬ್ಬರನ್ನೂ ಗ್ರೀಸಿನ ಸಾಂತೊರಿನಿ ದ್ವೀಪಕ್ಕೆ ಕರೆದೊಯ್ಯುತ್ತಾನೆಂದು ಗೊತ್ತಾದಾಗ ಓಣಿಯ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಅಲ್ಲಿ ಯಾವ ದೇವರದಾನ?"

ದೇವರಿಲ್ಲ ಎಂದರೆ ಮರ್ಯಾದೆ ಉಳಿಯುವಂತಿರಲಿಲ್ಲ. "ಪೊಸೈಡನ್ ಅಂತ, ಸಮುದ್ರರಾಜ" ಅಂದೆ. "ಹಂಗಾದ್ರ ಹೋಗಿ ಬರ್ರಿ" ಎಂದು ಅಪ್ಪಣೆಯಾಯಿತು.

ಈ ಮಾತನ್ನು ನನ್ನಾಕೆ ನನಗಿಂತ ಗಂಭೀರವಾಗಿ ತಗೊಂಡಿದ್ದಳು. ಪಿರೇಯಸ್ ಬಂದರಿನಿಂದ ಹಡಗು ಹೊರಟು ದಂಡೆ ಮರೆಯಾಗುತ್ತಲೇ ಸೆರಗಿನ ಗಂಟು ಬಿಚ್ಚಿದಳು. ರಾಯಚೂರಿಗೆ ಹೋಗುವಾಗ ರೈಲು ಕೃಷ್ಣಾ ಸೇತುವೆ ಏರಿದ ಕೂಡಲೇ ಕಿಟಕಿಯಿಂದ ನಾಣ್ಯ ಎಸೆಯುವ ಕೈ ಅದು. ನೀರು ಉಪ್ಪಾದರೇನು, ಸುಮ್ಮನಿದ್ದೀತೇ? ಆದರೆ ಒಂದು ಗೊಂದಲ. "ರೀ, ಈ ದೇವರಿಗೆ ರೂಪಾಯಿ ನಡೀತದೇನ್ರಿ, ಯೂರೋನಾ ಹಾಕಬೇಕಾ?" ಒಂದು ಯೂರೋಗೆ ಎಷ್ಟು ರೂಪಾಯಿ ಎಂದು ಮಗ ಹೇಳಿದ. ಕೈ ಬೇರೆ ಗಂಟಿಗೆ ಹೋಯಿತು. ಸಮುದ್ರರಾಜನಿಗೆ ಒಂದು ರೂಪಾಯಿ ಸಂದಿತು. ಪಕ್ಕದಲ್ಲಿ ನಿಂತಿದ್ದ ಬಿಳಿ ಹೆಂಗಸೊಬ್ಬಳು, ಇದೇನೋ ಇಲ್ಲಿಯ ಪದ್ಧತಿಯೆಂದು ತಿಳಿದು, ತಾನೂ ಒಂದು ನಾಣ್ಯ ಎಸೆದು ಕೈ ಮುಗಿದಳು.

ಸಮುದ್ರದ ಬಗ್ಗೆ ಹೇಳಲೇಬೇಕು: ನೀಲಿಯೆಂದರೆ, ಫೋಟೊದಲ್ಲಿ ನೋಡಿದವರು ಬಣ್ಣ ಹಚ್ಚಿದ್ದಾರೆ ಅನ್ನುವಂಥ ನೀಲಿ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಜ್ವಾಲಾಮುಖಿ ಸಿಡಿದು, ದ್ವೀಪದ ನಡುಭಾಗ ಕುಸಿದು, ಆ ಗುಂಡಿಗೆ ಸಮುದ್ರ ನುಗ್ಗಿತಂತೆ. ಉಳಿದ ಕಡಿದಾದ ದಂಡೆಯ ಮೇಲೆ ಸುಣ್ಣ ಬಳಿದ ಮನೆಗಳು. "ಸುಣ್ಣ ಚೊಲೊ ಬಡಿದಾರ, ಕೆಮ್ಮಣ್ಣಿನ ಪಟ್ಟಿ ಎಳೆಯೋದು ಮರೆತಾರ" ಎಂಬ ಷರಾ ಬಂತು. ಹಳೆ ಬಂದರಿನಿಂದ ಫಿರಾ ಊರಿಗೆ 580ಕ್ಕೂ ಹೆಚ್ಚು ಮೆಟ್ಟಿಲು. ಕತ್ತೆಗಳೂ ಇವೆ, ಕೇಬಲ್ ಕಾರೂ ಇದೆ. ಕತ್ತೆಯ ಮೇಲೆ ಕೂತು ಊರು ಹೊಗುವುದಕ್ಕೆ ನಮ್ಮ ಕಡೆ ಬೇರೆಯೇ ಅರ್ಥವಿರುವುದರಿಂದ ಕೇಬಲ್ ಕಾರೇ ಹತ್ತಿದೆವು.

ಮೇಲೆ ಹೋದ ಮೇಲೆ ನನಗೆ ಸಮುದ್ರಕ್ಕಿಂತ ನೆಲವೇ ಹೆಚ್ಚು ಹಿಡಿಸಿತು. ಎಲ್ಲರೂ ಪಡುವಣಕ್ಕೆ ಫೋನು ಹಿಡಿದು ನಿಂತಿದ್ದರೆ ನಾನೊಬ್ಬ ಹಿಂದೆ ತಿರುಗಿ ಹೊಲ ನೋಡುತ್ತಿದ್ದೆ. ಸುತ್ತ ಅಷ್ಟು ನೀರು, ದ್ವೀಪದಲ್ಲಿ ಒಂದು ಹೊಳೆಯಿಲ್ಲ. ಹಿಂದೆಲ್ಲ ಮಳೆನೀರನ್ನೇ ತೊಟ್ಟಿ ತುಂಬಿಸಿಕೊಂಡು ವರ್ಷ ಕಳೆಯುತ್ತಿದ್ದರಂತೆ. ಗಾಳಿಯ ಹೊಡೆತ ತಪ್ಪಿಸಲು ದ್ರಾಕ್ಷಿಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ, ಮಣ್ಣು ಹೊರುವವರ ತಲೆಯ ಸಿಂಬಿಯ ಹಾಗೆ ಸುತ್ತಿ ನೆಲಕ್ಕೇ ಕೂರಿಸಿದ್ದಾರೆ; ಗೊಂಚಲು ಒಳಗೆ ಅಡಗಿ ಬೆಳೆಯುತ್ತದೆ. ಕೃಷ್ಣೆ ನಮ್ಮ ಜಿಲ್ಲೆಯ ತಂಗಡಿಯಲ್ಲೇ ಭೀಮೆಯನ್ನು ಕೂಡಿಕೊಂಡು ತೆಲಂಗಾಣಕ್ಕೆ ಬಂದರೂ ಮಳೆಗಾಗಿ ಮುಗಿಲು ನೋಡುವ ನಮ್ಮಂಥವರಿಗೆ ಇವರು ದೂರದವರು ಅನ್ನಿಸಲೇ ಇಲ್ಲ.

ರಾತ್ರಿ ಹೋಟೆಲಿನಲ್ಲಿ 'ಫಾವಾ' ಎಂಬ ಹೆಸರು ಹೇಳಿ ಒಂದು ತಟ್ಟೆ ತಂದಿಟ್ಟರು. ಹಳದಿ ಬೇಳೆ ಬೇಯಿಸಿ, ನುಣ್ಣಗೆ ಕಡೆದು, ಮೇಲೆ ಹಸಿ ಉಳ್ಳಾಗಡ್ಡಿ ಹೆಚ್ಚಿ ಉದುರಿಸಿ, ಆಲಿವ್ ಎಣ್ಣೆ ಬಿಟ್ಟಿದ್ದರು. ನಮ್ಮ ಕೇಸರಿ ಬೇಳೆಯ ದಾಯಾದಿ ಕಾಳಿನದು. ನನ್ನಾಕೆ ಬೆರಳಿನಿಂದ ನೆಕ್ಕಿ, "ತೊವ್ವಿ. ಒಗ್ಗರಣಿ ಇಲ್ಲ" ಎಂದು ತೀರ್ಪು ಕೊಟ್ಟು, ಕೈಚೀಲದಿಂದ ಶೇಂಗಾ ಹಿಂಡಿ ತೆಗೆದಳು. ರೊಟ್ಟಿಯೊಂದು ಇಲ್ಲದ್ದಕ್ಕೆ ಗ್ರೀಸ್ ದೇಶ ಸಣ್ಣದಾಯಿತು.

ಹೊಟ್ಟೆ ತುಂಬಿದ ಮೇಲೆ ನನಗೆ ಪಾಂಡಿತ್ಯ ಬರುತ್ತದೆ. ಗ್ರೀಕರೇ ನಮ್ಮ ದಂಡೆಗೆ ಬಂದಿದ್ದ ನಾಟಕದ ಕಥೆ ತೆಗೆದೆ. ಈಜಿಪ್ತಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ, ಸುಮಾರು ಎರಡನೆಯ ಶತಮಾನದ ಪಪೈರಸ್ ಹಾಳೆಯಲ್ಲಿದ್ದ ಆ ನಾಟಕ 1903ರಲ್ಲಿ ಅಚ್ಚಾಯಿತು. ಭಾರತದ ಕಡಲತೀರದ ಅರಸನ ಕೈಗೆ ಸಿಕ್ಕ ಚಾರಿಷನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಅಣ್ಣ ಹಡಗಿನಲ್ಲಿ ಬಂದು, ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುತ್ತಾನೆ. ಅರಸನ ಕಡೆಯವರ ಮಾತು ಕನ್ನಡವೆಂದು ಹುಲ್ಷ್ ಎಂಬ ಜರ್ಮನ್ ಪಂಡಿತ 1904ರಲ್ಲಿ ಹೇಳಿದ, ನಮ್ಮ ಆರ್. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ತುಳು ಎನ್ನುವವರಿದ್ದಾರೆ, ಎರಡೂ ಅಲ್ಲ ಎನ್ನುವವರೂ ಇದ್ದಾರೆ.

ಇಷ್ಟಕ್ಕೆಲ್ಲ ಅವಳು ಆಕಳಿಸುತ್ತಿದ್ದಳು. ಆ ನಾಟಕದಲ್ಲಿ ಒಬ್ಬ ವಿದೂಷಕನಿದ್ದಾನೆ, ಶತ್ರುಗಳನ್ನು ಓಡಿಸಲು ಅವನ ಆಯುಧ ಹೂಸು ಎಂದ ಮೇಲೆ ಕಣ್ಣು ಪೂರ್ತಿ ತೆರೆಯಿತು.

"ಖರೇನಾ? ಪಂಡಿತರು ಇದನ್ನ ಓದ್ಯಾರಾ?"

"ಒಬ್ಬಿಬ್ಬರಲ್ಲ" ಎಂದು, ಉಳಿದ ಫಾವಾಕ್ಕೆ ನಾನು ಕೈ ಚಾಚಿದೆ. ಅವಳು ತಟ್ಟೆಯನ್ನು ಮಗನ ಕಡೆ ಸರಿಸಿಬಿಟ್ಟಳು.

"ನಿಮಗ ಸಾಕು ಬಿಡ್ರಿ. ರಾತ್ರಿ ಹಡಗಿನಾಗ ಮಂದಿ ನಡುವ ನಾಟಕ ಸುರು ಆದೀತು."